ವಿಮಾನ ಲೇಟಾದರೆ, ರದ್ದಾದರೆ ಪರಿಹಾರ ಕೇಳುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬೋರ್ಡಿನಲ್ಲಿ ನಿಮ್ಮ ಫ್ಲೈಟ್ ನಂಬರಿನ ಪಕ್ಕ ‘ರದ್ದು’ ಅಂತ ಬಂದ ಮೇಲೆ ಮೊದಲ ಒಂದು ಗಂಟೆ ತುಂಬಾ ಮುಖ್ಯ. ಜಾಸ್ತಿ ಜನ ತಮ್ಮ ಹಕ್ಕು ಕಳೆದುಕೊಳ್ಳುವುದು ಆಗಲೇ. ಸುಸ್ತಾಗಿರುತ್ತಾರೆ, ಮಕ್ಕಳು ಅಳುತ್ತಿರುತ್ತವೆ, ಕೌಂಟರಿನವರು ಮುಂದೆ ಚಾಚಿದ ಕಾಗದಕ್ಕೆ ಓದದೇ ಸಹಿ ಹಾಕುತ್ತಾರೆ. ಮನೆಗೆ ಹೋದ ಮೇಲೆ ‘ಹೋಗಲಿ ಬಿಡು’ ಅಂತ ಸುಮ್ನಾಗುತ್ತಾರೆ. ಹಾಗೆ ಬಿಡಬೇಡಿ. ಕೇಳುವವರಿಗೆ ಈ ಹಣ ಸಿಗುತ್ತದೆ, ಆದರೆ ಸರಿಯಾದ ನಿಯಮದ ಹೆಸರು ಹೇಳಿ ಕೇಳಬೇಕು.

ಟಿಕೆಟ್ ಹಣ ವಾಪಸ್ ಬಂತು. ಇನ್ನೇನು ಕೇಳಲು ಉಳಿದಿದೆ?

ಉಳಿದಿರಬಹುದು. ಇಲ್ಲಿ ಮೂರು ಬೇರೆ ಬೇರೆ ವಿಷಯಗಳಿವೆ. ಒಂದು, ರೀಫಂಡ್: ಹಾರದ ವಿಮಾನಕ್ಕೆ ನೀವು ಕೊಟ್ಟಿದ್ದ ದುಡ್ಡು. ಎರಡು, ಆರೈಕೆ: ಕಾಯುವ ಹೊತ್ತಿನಲ್ಲಿ ಊಟ, ನೀರು, ರಾತ್ರಿಯಾದರೆ ಹೋಟೆಲ್. ಮೂರು, ಪರಿಹಾರ: ನಿಮ್ಮ ಸಮಯ ಹಾಳಾದದ್ದಕ್ಕೆ ಕೊಡುವ ಬೇರೆಯೇ ಮೊತ್ತ. ರೀಫಂಡ್ ಅಂದರೆ ನಿಮ್ಮದೇ ದುಡ್ಡು ನಿಮಗೆ ಬಂದಂತೆ, ಅಷ್ಟೇ. ಪರಿಹಾರವನ್ನು ಅದರ ಲೆಕ್ಕದಲ್ಲಿ ಮುರಿದುಕೊಳ್ಳುವ ಹಾಗಿಲ್ಲ. ‘ನಿಮಗೆ ಆಗಲೇ ಹಣ ಕೊಟ್ಟಿದ್ದೇವೆ’ ಅಂತ ಏರ್‌ಲೈನ್ ಬರೆದರೆ, ಮೂರರಲ್ಲಿ ಯಾವುದನ್ನು ಕೊಟ್ಟಿದ್ದೀರಿ ಅಂತ ಕೇಳಿ.

ನನಗೆ ಯಾವ ದೇಶದ ನಿಯಮ ಅನ್ವಯಿಸುತ್ತದೆ?

ನಿಮ್ಮ ಪಾಸ್‌ಪೋರ್ಟ್ ಯಾವುದು ಅನ್ನುವುದು ಲೆಕ್ಕಕ್ಕಿಲ್ಲ. ವಿಮಾನ ಎಲ್ಲಿಂದ ಹೊರಟಿತು, ಎಲ್ಲಿಗೆ ಹೋಯಿತು, ಹಾರಿಸಿದ ಏರ್‌ಲೈನ್ ಎಲ್ಲಿಯದು, ಈ ಮೂರು ಸಾಕು.

ಐರೋಪ್ಯ ಒಕ್ಕೂಟದ 261/2004 ನಿಯಮ ಇದರಲ್ಲಿ ಅತ್ಯಂತ ಗಟ್ಟಿ. 2005ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಒಕ್ಕೂಟದ ಯಾವುದೇ ಏರ್‌ಪೋರ್ಟಿನಿಂದ ಹೊರಟರೆ, ಏರ್‌ಲೈನ್ ಯಾವ ದೇಶದ್ದಾದರೂ, ಈ ನಿಯಮ ಬರುತ್ತದೆ. ಹೊರಗಿನಿಂದ ಒಕ್ಕೂಟಕ್ಕೆ ಬರುವುದಾದರೆ ಏರ್‌ಲೈನ್ ಅಲ್ಲಿಯದೇ ಆಗಿರಬೇಕು. ಉದಾಹರಣೆಗೆ, ಪ್ಯಾರಿಸ್‌ನಿಂದ ದೆಹಲಿಗೆ ಭಾರತದ ಏರ್‌ಲೈನ್‌ನಲ್ಲಿ ಹೊರಟವರಿಗೂ ಇದು ಅನ್ವಯ. ದೆಹಲಿಯಿಂದ ಪ್ಯಾರಿಸ್‌ಗೆ ಅದೇ ಏರ್‌ಲೈನ್‌ನಲ್ಲಿ ಹೋದರೆ ಅನ್ವಯಿಸುವುದಿಲ್ಲ. ಅದೇ ದಾರಿಯಲ್ಲಿ ಯುರೋಪಿನ ಏರ್‌ಲೈನ್ ಹಿಡಿದಿದ್ದರೆ ಅನ್ವಯಿಸುತ್ತದೆ. ನಾರ್ವೆ, ಐಸ್‌ಲ್ಯಾಂಡ್, ಸ್ವಿಟ್ಜರ್‌ಲ್ಯಾಂಡ್ ಕೂಡ ಈ ವ್ಯವಸ್ಥೆಯೊಳಗೇ ಇವೆ. ಬ್ರಿಟನ್ ಒಕ್ಕೂಟ ಬಿಟ್ಟ ಮೇಲೂ ಇದನ್ನೇ ತನ್ನ ಕಾನೂನಾಗಿ ಇಟ್ಟುಕೊಂಡಿದೆ.

ಟಿಕೆಟ್ ಒಂದು ಏರ್‌ಲೈನ್ ಹೆಸರಿನಲ್ಲಿದ್ದು, ವಿಮಾನ ಹಾರಿಸಿದ್ದು ಇನ್ನೊಂದಾಗಿದ್ದರೆ, ಈ ನಿಯಮದಲ್ಲಿ ಕೇಳಬೇಕಾದದ್ದು ಹಾರಿಸಿದವರನ್ನು.

ಯುರೋಪಿನ ನಿಯಮದಲ್ಲಿ ಎಷ್ಟು ಸಿಗುತ್ತದೆ?

ಟಿಕೆಟ್ ಬೆಲೆಗೂ ಇದಕ್ಕೂ ಸಂಬಂಧವಿಲ್ಲ. ದೂರದ ಮೇಲೆ ಲೆಕ್ಕ. 1500 ಕಿಲೋಮೀಟರ್‌ವರೆಗೆ 250 ಯೂರೋ. 1500ರಿಂದ 3500ರವರೆಗೆ 400 ಯೂರೋ, ಒಕ್ಕೂಟದ ಒಳಗಿನ 1500ಕ್ಕಿಂತ ಉದ್ದದ ಎಲ್ಲ ಹಾರಾಟಕ್ಕೂ ಇಷ್ಟೇ. ಉಳಿದಂತೆ 3500 ದಾಟಿದರೆ 600 ಯೂರೋ. ಬ್ರಿಟನ್‌ನಲ್ಲಿ ಇವೇ ಹಂತಗಳಿಗೆ 220, 350 ಮತ್ತು 520 ಪೌಂಡ್. ಇದು ಒಬ್ಬೊಬ್ಬರಿಗೆ ಸಿಗುವ ಮೊತ್ತ, ಇಡೀ ಬುಕಿಂಗಿಗೆ ಅಲ್ಲ. ನಾಲ್ಕು ಜನರ ಮನೆಯವರು ಒಬ್ಬರ ಮೊತ್ತ ತೆಗೆದುಕೊಂಡು ಬಂದದ್ದನ್ನು ನಾನು ನೋಡಿದ್ದೇನೆ.

3500 ಕಿಲೋಮೀಟರ್ ದಾಟಿದ ಪ್ರಯಾಣದಲ್ಲಿ ತಲುಪಿದ್ದು ಮೂರರಿಂದ ನಾಲ್ಕು ಗಂಟೆ ತಡವಾಗಿದ್ದರೆ ಏರ್‌ಲೈನ್ ಅರ್ಧ ಮಾತ್ರ ಕೊಡಬಹುದು, ಅಂದರೆ 300 ಯೂರೋ.

ಎಷ್ಟು ಹೊತ್ತು ತಡವಾದರೆ ಪರಿಹಾರ? ಗಡಿಯಾರ ಯಾವಾಗ ನಿಲ್ಲುತ್ತದೆ?

ಮೂರು ಗಂಟೆ ಅಥವಾ ಅದಕ್ಕಿಂತ ಜಾಸ್ತಿ. ಹೊರಟ ಸಮಯವಲ್ಲ, ತಲುಪಿದ ಸಮಯ ನೋಡಬೇಕು. ಮೂಲ ನಿಯಮದಲ್ಲಿ ತಡಕ್ಕೆ ಪರಿಹಾರ ಅಂತ ನೇರವಾಗಿ ಬರೆದಿರಲಿಲ್ಲ. 2009ರಲ್ಲಿ ಸ್ಟರ್ಜನ್ ಪ್ರಕರಣದಲ್ಲಿ ಐರೋಪ್ಯ ನ್ಯಾಯಾಲಯವೇ ಹಾಗೆ ತೀರ್ಪು ಕೊಟ್ಟಿತು. ಮೂರು ಗಂಟೆ ಕಾದವನಿಗೂ ರದ್ದಾದವನಷ್ಟೇ ಸಮಯ ಹೋಗಿದೆ ಅನ್ನುವುದು ಅದರ ವಾದ.

ತಲುಪುವುದು ಅಂದರೆ ಚಕ್ರ ನೆಲ ಮುಟ್ಟಿದ್ದಲ್ಲ. ನಿಂತ ವಿಮಾನದ ಒಂದು ಬಾಗಿಲಾದರೂ ತೆರೆದು, ಪ್ರಯಾಣಿಕರು ಇಳಿಯಬಹುದು ಅನ್ನುವ ಕ್ಷಣ. 2014ರಲ್ಲಿ ಜರ್ಮನ್‌ವಿಂಗ್ಸ್ ಪ್ರಕರಣದಲ್ಲಿ ಇದು ಇತ್ಯರ್ಥವಾಯಿತು. ಆ ವಿಮಾನ ನೆಲ ಮುಟ್ಟಿದಾಗ ತಡ ಮೂರು ಗಂಟೆಗಿಂತ ಕಡಿಮೆ ಇತ್ತು, ಬಾಗಿಲು ತೆರೆಯುವಷ್ಟರಲ್ಲಿ ಮೂರು ಗಂಟೆ ದಾಟಿತ್ತು. ಹಾಗಾಗಿ ಇಳಿದ ಮೇಲೆ ಸೀಟಿನಲ್ಲಿ ಕೂತಿರುವಾಗ ಫೋನ್ ಕೈಯಲ್ಲಿರಲಿ. ಬಾಗಿಲು ತೆರೆದಾಗ ಒಂದು ಫೋಟೋ ತೆಗೆಯಿರಿ. ಫೋಟೋದ ಒಳಗೆ ಸಮಯ ತಾನೇ ದಾಖಲಾಗಿರುತ್ತದೆ. ಎರಡು ಗಂಟೆ ಐವತ್ತೈದು ನಿಮಿಷಕ್ಕೂ ಮೂರು ಗಂಟೆ ಎರಡು ನಿಮಿಷಕ್ಕೂ ನಡುವೆ ನೂರಾರು ಯೂರೋ ವ್ಯತ್ಯಾಸ ಇದೆ ಅನ್ನುವುದು ನೆನಪಿರಲಿ.

ರದ್ದು ಮಾಡುತ್ತೇವೆ ಅಂತ ಮೊದಲೇ ತಿಳಿಸಿದ್ದರು. ಆಗಲೂ ಪರಿಹಾರ ಇದೆಯಾ?

ಹೊರಡುವ ದಿನಕ್ಕೆ 14 ದಿನ ಮೊದಲೇ ತಿಳಿಸಿದ್ದರೆ ಯುರೋಪಿನ ನಿಯಮದಲ್ಲಿ ಪರಿಹಾರ ಇಲ್ಲ, ರೀಫಂಡ್ ಅಥವಾ ಬೇರೆ ಫ್ಲೈಟ್ ಮಾತ್ರ. 7ರಿಂದ 14 ದಿನದ ಒಳಗೆ ತಿಳಿಸಿದ್ದರೆ, ಕೊಟ್ಟ ಬದಲಿ ವಿಮಾನ ಹಳೆಯ ಸಮಯಕ್ಕಿಂತ ಎರಡು ಗಂಟೆಗಿಂತ ಮುಂಚೆ ಹೊರಡಬಾರದು, ತಲುಪುವುದರಲ್ಲಿ ನಾಲ್ಕು ಗಂಟೆ ತಡವಾಗಬಾರದು. ಕೊನೆಯ 7 ದಿನದಲ್ಲಿ ತಿಳಿಸಿದ್ದರೆ ಇದೇ ಲೆಕ್ಕ ಒಂದು ಗಂಟೆ ಮತ್ತು ಎರಡು ಗಂಟೆ. ಇದನ್ನು ಮೀರಿದರೆ ಪರಿಹಾರ ಕೇಳಬಹುದು. ತಿಳಿಸಿದ್ದೇವೆ ಅಂತ ಸಾಬೀತು ಮಾಡುವ ಹೊಣೆ ಏರ್‌ಲೈನ್‌ನದ್ದು, ನಿಮ್ಮದಲ್ಲ.

‘ಅಸಾಧಾರಣ ಪರಿಸ್ಥಿತಿ’ ಅಂತ ಹೇಳಿ ಕೈ ತೊಳೆದುಕೊಂಡರು. ಏನು ಮಾಡಲಿ?

ಕ್ಲೇಮುಗಳು ಜಾಸ್ತಿ ಬಿದ್ದುಹೋಗುವುದು ಈ ಎರಡು ಪದಗಳ ಮುಂದೆ. ಹಾಗಾಗಿ ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಏರ್‌ಲೈನ್‌ನ ಕೈಮೀರಿದ, ಎಲ್ಲ ಪ್ರಯತ್ನ ಮಾಡಿದರೂ ತಪ್ಪಿಸಲಾಗದ ಕಾರಣವಾದರೆ ಪರಿಹಾರ ಕೊಡಬೇಕಿಲ್ಲ. ವಿಮಾನ ಹಾರಲಾಗದಂಥ ಬಿರುಗಾಳಿ, ವಾಯು ಸಂಚಾರ ನಿಯಂತ್ರಣದ ತಡೆ, ಭದ್ರತೆಯ ಅಪಾಯ, ಏರ್‌ಪೋರ್ಟ್ ಮುಚ್ಚಿದ್ದು, ಇವೆಲ್ಲ ಆ ಗುಂಪಿಗೆ ಬರುತ್ತವೆ. ಹಕ್ಕಿ ಬಡಿದದ್ದೂ ಬರುತ್ತದೆ ಅಂತ 2017ರಲ್ಲಿ ತೀರ್ಪಾಗಿದೆ.

ಆದರೆ ‘ತಾಂತ್ರಿಕ ದೋಷ’ ಸಾಮಾನ್ಯವಾಗಿ ಬರುವುದಿಲ್ಲ. ವಿಮಾನ ಓಡಿಸುವವರಿಗೆ ವಿಮಾನ ಕೆಡುವುದು ದಿನನಿತ್ಯದ ಕೆಲಸದ ಭಾಗ ಅಂತ ಐರೋಪ್ಯ ನ್ಯಾಯಾಲಯ 2008ರಲ್ಲಿ ವಾಲೆಂಟಿನ್-ಹರ್ಮನ್ ಪ್ರಕರಣದಲ್ಲೇ ಹೇಳಿದೆ. ಏರ್‌ಲೈನ್‌ನ ಸ್ವಂತ ಪೈಲಟ್‌ಗಳು ಸಂಬಳಕ್ಕಾಗಿ ಮುಷ್ಕರ ಮಾಡಿದರೆ ಅದೂ ನೆಪವಾಗದು, 2021ರ ತೀರ್ಪು ಹಾಗಿದೆ. ಸಿಬ್ಬಂದಿಗೆ ಹುಷಾರಿಲ್ಲದ್ದೂ ಆಗದು. ಬ್ರಿಟನ್‌ನ ಸುಪ್ರೀಂ ಕೋರ್ಟ್ 2024ರಲ್ಲಿ ಪೈಲಟ್ ಕಾಯಿಲೆ ಬಿದ್ದ ಪ್ರಕರಣದಲ್ಲಿ ಪ್ರಯಾಣಿಕರ ಪರ ನಿಂತಿತು.

ನನ್ನದೇ ಒಂದು ಅನುಭವ ಹೇಳುತ್ತೇನೆ. ವಿಮಾನ ಐದು ಗಂಟೆ ತಡವಾಗಿ ತಲುಪಿತ್ತು. ಕ್ಲೇಮಿಗೆ ಬಂದ ಉತ್ತರ ಎರಡೇ ಸಾಲು, ‘ಹವಾಮಾನದ ಕಾರಣ, ಪರಿಹಾರ ಅನ್ವಯಿಸದು.’ ಗೇಟಿನ ಹತ್ತಿರ ಕಾಯುವಾಗ ಅದೇ ಏರ್‌ಲೈನ್ ಕಳಿಸಿದ್ದ ಎಸ್‌ಎಂಎಸ್ ನನ್ನ ಫೋನಿನಲ್ಲಿ ಹಾಗೇ ಇತ್ತು. ಅದರಲ್ಲಿ ಇದ್ದದ್ದು ‘ತಾಂತ್ರಿಕ ಕಾರಣ’. ಅದೇ ಹೊತ್ತಿಗೆ ಪಕ್ಕದ ಗೇಟುಗಳಿಂದ ಬೇರೆ ವಿಮಾನಗಳು ಒಂದರ ಹಿಂದೆ ಒಂದು ಹೊರಟಿದ್ದವು. ಬೋರ್ಡಿನ ಫೋಟೋದಲ್ಲಿ ಅವೆಲ್ಲ ಕಾಣುತ್ತಿದ್ದವು. ಎಸ್‌ಎಂಎಸ್‌ನ ಸ್ಕ್ರೀನ್‌ಶಾಟ್, ಬೋರ್ಡಿನ ಫೋಟೋ ಎರಡನ್ನೂ ಸೇರಿಸಿ ಮತ್ತೆ ಬರೆದೆ. ವಾದ ಮಾಡಲಿಲ್ಲ. ಅಂದು ಆ ಹೊತ್ತಿನಲ್ಲಿ ಯಾವ ಹವಾಮಾನ ನಿಮ್ಮ ವಿಮಾನವನ್ನು ಮಾತ್ರ ತಡೆಯಿತು, ದಾಖಲೆ ಕೊಡಿ ಅಂತ ಕೇಳಿದೆ, ಅಷ್ಟೇ. ಮೂರು ವಾರದ ನಂತರ ಬ್ಯಾಂಕ್ ವಿವರ ಕೇಳಿ ಮೇಲ್ ಬಂತು.

ಹಾಗಾಗಿ ಮೊದಲ ‘ಇಲ್ಲ’ವನ್ನು ಕೊನೆಯ ಮಾತು ಅಂತ ತಿಳಿಯಬೇಡಿ. ಕಾರಣ ಏನು, ಆ ಕಾರಣ ನನ್ನ ವಿಮಾನಕ್ಕೆ ಹೇಗೆ ತಟ್ಟಿತು, ತಪ್ಪಿಸಲು ನೀವು ಏನು ಮಾಡಿದಿರಿ ಅಂತ ಲಿಖಿತವಾಗಿ ಕೇಳಿ. ಇದನ್ನು ಸಾಬೀತು ಮಾಡಬೇಕಾದವರು ಅವರು.

ಭಾರತದೊಳಗಿನ ವಿಮಾನಗಳಿಗೆ ಏನಿದೆ?

ಇಲ್ಲಿ ನಿಯಮ ಮಾಡುವುದು ಡಿಜಿಸಿಎ, ಅಂದರೆ ಕೇಂದ್ರದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ. ಅದರ ನಿಯಮದಲ್ಲಿ ತಡಕ್ಕೆ ನಗದು ಪರಿಹಾರ ಇಲ್ಲ. ಇದು ನನಗೆ ಬೇಸರದ ವಿಷಯ, ಆದರೆ ಇರುವುದು ಹಾಗೆ. ರದ್ದಾದರೆ ಮಾತ್ರ ಉಂಟು. ಮೊದಲೇ ಸರಿಯಾಗಿ ತಿಳಿಸದೇ ರದ್ದು ಮಾಡಿದ್ದರೆ, ಹಾರಾಟದ ಸಮಯ ಒಂದು ಗಂಟೆಯವರೆಗೆ ಇದ್ದರೆ 5000 ರೂಪಾಯಿ, ಎರಡು ಗಂಟೆಯವರೆಗೆ 7500, ಅದಕ್ಕಿಂತ ಜಾಸ್ತಿಯಾದರೆ 10,000. ಈ ಮೊತ್ತ ಮತ್ತು ಒಂದು ಕಡೆಯ ಮೂಲ ದರ ಜೊತೆಗೆ ಇಂಧನ ಶುಲ್ಕ, ಎರಡರಲ್ಲಿ ಯಾವುದು ಕಡಿಮೆಯೋ ಅದು ಸಿಗುತ್ತದೆ. ಇದು ರೀಫಂಡ್ ಅಥವಾ ಬದಲಿ ವಿಮಾನದ ಜೊತೆಗೆ ಬರುವಂಥದ್ದು. ಕೈಮೀರಿದ ಕಾರಣವಾದರೆ ಇಲ್ಲಿಯೂ ಇಲ್ಲ.

ತಡವಾದರೆ ಊಟ, ತಿಂಡಿ ಕೊಡಬೇಕು. ಎಷ್ಟು ಹೊತ್ತಿನ ನಂತರ ಅನ್ನುವುದು ಹಾರಾಟದ ಉದ್ದದ ಮೇಲೆ ಎರಡು, ಮೂರು ಅಥವಾ ನಾಲ್ಕು ಗಂಟೆ. ಆರು ಗಂಟೆಗಿಂತ ಜಾಸ್ತಿ ತಡವಾಗುವುದಾದರೆ ಬದಲಿ ವಿಮಾನ ಅಥವಾ ಪೂರ್ತಿ ಹಣ, ಆಯ್ಕೆ ನಿಮ್ಮದು. ತಡ 24 ಗಂಟೆ ದಾಟಿದರೆ, ಅಥವಾ ರಾತ್ರಿ 8ರಿಂದ ಬೆಳಗಿನ ಜಾವ 3ರ ನಡುವೆ ಹೊರಡಬೇಕಾದ ವಿಮಾನ ಆರು ಗಂಟೆಗಿಂತ ಜಾಸ್ತಿ ತಡವಾದರೆ ಹೋಟೆಲ್ ಕೊಡಬೇಕು.

ಇಲ್ಲೊಂದು ಸಣ್ಣ ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಬುಕಿಂಗ್ ಮಾಡುವಾಗ ನಿಮ್ಮನ್ನು ಸಂಪರ್ಕಿಸುವ ವಿವರ ಕೊಟ್ಟಿರದಿದ್ದರೆ ಏರ್‌ಲೈನ್ ಪರಿಹಾರ ಕೊಡಬೇಕಿಲ್ಲ. ಏಜೆಂಟ್ ಟಿಕೆಟ್ ಮಾಡಿದಾಗ ಎಷ್ಟೋ ಸಲ ತನ್ನದೇ ಫೋನ್ ನಂಬರ್ ಹಾಕಿಬಿಡುತ್ತಾನೆ. ಟಿಕೆಟ್ ಕೈಗೆ ಬಂದ ಕೂಡಲೇ ನಿಮ್ಮ ನಂಬರ್, ಇಮೇಲ್ ಇದೆಯಾ ಅಂತ ನೋಡಿ, ಇಲ್ಲದಿದ್ದರೆ ಏರ್‌ಲೈನ್ ಆ್ಯಪ್‌ನಲ್ಲಿ ಸೇರಿಸಿ. ನಿಯಮಗಳು ಆಗಾಗ ತಿದ್ದುಪಡಿ ಆಗುತ್ತವೆ. ಕ್ಲೇಮ್ ಹಾಕುವ ದಿನ ಡಿಜಿಸಿಎ ಸೈಟಿನಲ್ಲಿ ಈಗಿನ ಪ್ರತಿ ತೆರೆದು ನೋಡಿಕೊಳ್ಳಿ.

ಅಮೆರಿಕ, ಕೆನಡಾದಲ್ಲಿ?

ಅಮೆರಿಕದಲ್ಲಿ ತಡಕ್ಕೆ ಕಡ್ಡಾಯ ನಗದು ಪರಿಹಾರ ಇಲ್ಲ, ಆದರೆ ರೀಫಂಡ್ ನಿಯಮ ಗಟ್ಟಿ. 2024ರ ನಿಯಮದಂತೆ ವಿಮಾನ ರದ್ದಾದರೆ, ಅಥವಾ ದೇಶದೊಳಗೆ ಮೂರು ಗಂಟೆ, ಹೊರದೇಶಕ್ಕೆ ಆರು ಗಂಟೆ ಮೀರಿ ಸಮಯ ಬದಲಾಗಿ ನೀವು ಹೋಗುವುದಿಲ್ಲ ಅಂದರೆ, ಹಣ ವಾಪಸ್ ಬರಬೇಕು. ಕೆನಡಾದಲ್ಲಿ ಏರ್‌ಲೈನ್‌ನ ಹಿಡಿತದಲ್ಲಿದ್ದ, ಸುರಕ್ಷತೆಗೆ ಸಂಬಂಧಿಸದ ಕಾರಣವಾದರೆ, ದೊಡ್ಡ ಏರ್‌ಲೈನ್‌ಗಳು ಮೂರರಿಂದ ಆರು ಗಂಟೆ ತಡಕ್ಕೆ 400 ಕೆನಡಿಯನ್ ಡಾಲರ್, ಒಂಬತ್ತರವರೆಗೆ 700, ಅದರ ಮೇಲೆ 1000 ಕೊಡಬೇಕು. ಅಲ್ಲಿ ಒಂದು ವರ್ಷದೊಳಗೆ ಕೇಳಬೇಕು.

ಈ ಯಾವ ನಿಯಮವೂ ನನಗೆ ಬರುವುದಿಲ್ಲ. ಹಾಗಾದರೆ ಏನೂ ಇಲ್ವಾ?

ಅಂತರರಾಷ್ಟ್ರೀಯ ಪ್ರಯಾಣವಾದರೆ 1999ರ ಮಾಂಟ್ರಿಯಲ್ ಒಪ್ಪಂದ ಇದೆ. ಭಾರತ 2009ರಲ್ಲಿ ಇದಕ್ಕೆ ಸೇರಿದೆ. ಇಲ್ಲಿ ನಿಗದಿತ ಮೊತ್ತ ಇಲ್ಲ. ತಡದಿಂದ ನಿಮಗೆ ನಿಜವಾಗಿ ಆದ ನಷ್ಟವನ್ನು ಬಿಲ್ ಸಮೇತ ತೋರಿಸಬೇಕು: ಹೋಟೆಲ್, ಟ್ಯಾಕ್ಸಿ, ಕೈತಪ್ಪಿದ ರೈಲಿನ ಟಿಕೆಟ್, ಹೀಗೆ. ಮಿತಿ ಒಬ್ಬರಿಗೆ 6303 ಎಸ್‌ಡಿಆರ್, 2024ರ ಡಿಸೆಂಬರ್ 28ರಿಂದ. ಎಸ್‌ಡಿಆರ್ ಅಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕ, ಅದರ ದಿನದ ದರ ನಿಧಿಯ ಸೈಟಿನಲ್ಲೇ ಸಿಗುತ್ತದೆ. ತಡ ತಪ್ಪಿಸಲು ಬೇಕಾದದ್ದೆಲ್ಲ ಮಾಡಿದ್ದೆವು ಅಂತ ಏರ್‌ಲೈನ್ ತೋರಿಸಿದರೆ ಹೊಣೆ ಇರುವುದಿಲ್ಲ.

ಬ್ಯಾಗ್ ತಡವಾಗಿ ಬಂದರೂ ಇದೇ ಒಪ್ಪಂದ. ಬ್ಯಾಗ್ ಕೈಗೆ ಸಿಕ್ಕ 21 ದಿನದೊಳಗೆ ಲಿಖಿತ ದೂರು ಕೊಡಬೇಕು. ಹಾಳಾಗಿದ್ದರೆ 7 ದಿನ ಮಾತ್ರ.

ಏರ್‌ಪೋರ್ಟಿನಲ್ಲಿ ಇರುವಾಗಲೇ ಏನು ಮಾಡಬೇಕು?

ಕೌಂಟರಿನವರ ಮೇಲೆ ರೇಗಬೇಡಿ. ಅವರ ಕೈಯಲ್ಲಿ ಜಾಸ್ತಿ ಏನೂ ಇರುವುದಿಲ್ಲ, ನಿಮಗೆ ಬೇಕಾದ ಕಾಗದ ಮಾತ್ರ ಅವರ ಹತ್ತಿರವೇ ಇರುತ್ತದೆ. ಎಷ್ಟು ತಡ, ಯಾವ ಕಾರಣ ಅಂತ ಬರೆದು, ಸೀಲ್ ಹಾಕಿಕೊಡಿ ಅಂತ ಕೇಳಿ. ಇನ್ಶೂರೆನ್ಸ್ ಇದ್ದರೆ ಅವರೂ ಕೇಳುವುದು ಇದೇ ಪತ್ರವನ್ನು. ಬರೆದುಕೊಡದಿದ್ದರೆ ಬೋರ್ಡಿನ ಫೋಟೋ ತೆಗೆಯಿರಿ, ಎಸ್‌ಎಂಎಸ್, ಮೇಲ್, ಆ್ಯಪ್‌ನಲ್ಲಿ ಬಂದ ಸಂದೇಶ ಎಲ್ಲದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಆ್ಯಪ್‌ನಲ್ಲಿ ತೋರಿಸುವ ಕಾರಣ ಮರುದಿನ ಅಲ್ಲಿ ಇರುತ್ತದೆ ಅಂತ ನಂಬಬೇಡಿ. ಬೋರ್ಡಿಂಗ್ ಪಾಸ್ ಬಿಸಾಡಬೇಡಿ. ಹಿಂದೆ ಮುಂದೆ ನಿಂತವರ ಫೋನ್ ನಂಬರ್ ತೆಗೆದುಕೊಳ್ಳಿ. ಒಬ್ಬರಿಗೆ ಪರಿಹಾರ ಬಂದರೆ ಅದೇ ವಿಮಾನದ ಇನ್ನೊಬ್ಬರಿಗೆ ಇಲ್ಲ ಅನ್ನುವುದು ಕಷ್ಟ.

ಊಟ, ಹೋಟೆಲ್ ಏನೂ ಕೊಡಲಿಲ್ಲ. ನಾನೇ ಖರ್ಚು ಮಾಡಿದೆ.

ಯುರೋಪಿನ ನಿಯಮದಲ್ಲಿ ಆ ಖರ್ಚು ವಾಪಸ್ ಕೇಳಬಹುದು. ಬಿಲ್ ಇರಬೇಕು, ಖರ್ಚು ಮಿತವಾಗಿರಬೇಕು. ಊಟದ ಬಿಲ್ ಕೊಡುತ್ತಾರೆ, ಮದ್ಯದ ಬಿಲ್ ಕೊಡುವುದಿಲ್ಲ. ಮುಖ್ಯ ಮಾತು ಏನೆಂದರೆ, ಕಾರಣ ಅಸಾಧಾರಣವೇ ಆಗಿದ್ದರೂ ಈ ಆರೈಕೆ ತಪ್ಪುವುದಿಲ್ಲ. 2010ರಲ್ಲಿ ಐಸ್‌ಲ್ಯಾಂಡಿನ ಜ್ವಾಲಾಮುಖಿಯ ಬೂದಿಯಿಂದ ಯುರೋಪಿನ ಆಕಾಶವೇ ಮುಚ್ಚಿಹೋಗಿತ್ತು. ಆಗಲೂ ಊಟ, ವಸತಿಯ ಹೊಣೆ ಏರ್‌ಲೈನ್‌ನದ್ದೇ ಅಂತ ನ್ಯಾಯಾಲಯ 2013ರಲ್ಲಿ ಹೇಳಿತು.

ಹಣದ ಬದಲು ವೋಚರ್ ಕೊಡುತ್ತೇವೆ ಅಂತಾರೆ. ತಗೊಳ್ಳಲಾ?

ನಿಮಗೆ ನಿಜವಾಗಿ ಉಪಯೋಗ ಇದ್ದರೆ ಮಾತ್ರ. ಯುರೋಪಿನಲ್ಲಿ ನಿಮ್ಮ ಸಹಿ ಇರುವ ಒಪ್ಪಿಗೆ ಇಲ್ಲದೆ ವೋಚರ್ ಕೊಡುವ ಹಾಗಿಲ್ಲ. ಭಾರತದಲ್ಲೂ ರೀಫಂಡ್ ಹಣವನ್ನು ಏರ್‌ಲೈನ್ ಖಾತೆಯಲ್ಲೇ ಉಳಿಸುವುದು ಪ್ರಯಾಣಿಕರ ಇಷ್ಟ, ಬಲವಂತ ಇಲ್ಲ. ಸಹಿ ಹಾಕುವ ಮುನ್ನ ಕಾಗದದ ಕೊನೆಯ ಸಾಲು ಓದಿ. ‘ಇನ್ನು ಯಾವ ಹಕ್ಕನ್ನೂ ಕೇಳುವುದಿಲ್ಲ’ ಅನ್ನುವ ಸಾಲು ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

ಟಿಕೆಟ್ ಇತ್ತು, ಸಮಯಕ್ಕೂ ಬಂದಿದ್ದೆ, ಸೀಟಿಲ್ಲ ಅಂದರು.

ಇದು ಓವರ್‌ಬುಕಿಂಗ್. ಮೊದಲು ತಾವಾಗಿಯೇ ಬಿಟ್ಟುಕೊಡುವವರನ್ನು ಕೇಳಬೇಕು. ಯಾರೂ ಒಪ್ಪದೆ ನಿಮ್ಮನ್ನು ಬಿಟ್ಟರೆ ಯುರೋಪಿನಲ್ಲಿ ಮೇಲೆ ಹೇಳಿದ ಮೊತ್ತವೇ, ಅದೂ ತಕ್ಷಣ. ಭಾರತದಲ್ಲಿ ಒಂದು ಗಂಟೆಯೊಳಗೆ ಬೇರೆ ವಿಮಾನ ಕೊಟ್ಟರೆ ಏನೂ ಇಲ್ಲ. 24 ಗಂಟೆಯೊಳಗೆ ಕೊಟ್ಟರೆ ಮೂಲ ದರ ಮತ್ತು ಇಂಧನ ಶುಲ್ಕದ ಎರಡು ಪಟ್ಟು, ಗರಿಷ್ಠ 10,000 ರೂಪಾಯಿ. ಅದಕ್ಕೂ ತಡವಾದರೆ ನಾಲ್ಕು ಪಟ್ಟು, ಗರಿಷ್ಠ 20,000.

ಮೊದಲ ವಿಮಾನ ಸ್ವಲ್ಪವೇ ಲೇಟು, ಆದರೆ ಕನೆಕ್ಟಿಂಗ್ ತಪ್ಪಿಹೋಯಿತು.

ಎರಡೂ ಒಂದೇ ಬುಕಿಂಗಿನಲ್ಲಿದ್ದರೆ ಯುರೋಪಿನ ನಿಯಮ ಕೊನೆಯ ಊರಿಗೆ ತಲುಪಿದ ಸಮಯ ನೋಡುತ್ತದೆ. ಮೊದಲ ವಿಮಾನ 40 ನಿಮಿಷ ತಡವಾಗಿ, ನೀವು ಕೊನೆಗೆ ಏಳು ಗಂಟೆ ತಡವಾಗಿ ತಲುಪಿದರೆ, ಲೆಕ್ಕ ಏಳು ಗಂಟೆಯದ್ದು. ದೂರವೂ ಮೊದಲ ಊರಿನಿಂದ ಕೊನೆಯ ಊರಿಗೆ. ದುಡ್ಡು ಉಳಿಸಲು ಎರಡು ಬೇರೆ ಬೇರೆ ಟಿಕೆಟ್ ಮಾಡಿಸಿದ್ದರೆ ಈ ರಕ್ಷಣೆ ಇಲ್ಲ.

ಮಕ್ಕಳಿಗೂ ಸಿಗುತ್ತದಾ? ಆಫೀಸಿನವರು ಟಿಕೆಟ್ ಮಾಡಿಸಿದ್ದರೆ?

ಯುರೋಪಿನಲ್ಲಿ ಟಿಕೆಟ್‌ಗೆ ಹಣ ಕೊಟ್ಟಿದ್ದ ಮಗುವಿಗೂ ದೊಡ್ಡವರಷ್ಟೇ. ಪರಿಹಾರ ಕೂತು ಕಾದವರಿಗೆ ಸೇರಿದ್ದು, ಟಿಕೆಟ್ ಹಣ ಕಟ್ಟಿದವರಿಗಲ್ಲ. ರೀಫಂಡ್ ಮಾತ್ರ ಕಟ್ಟಿದವರಿಗೆ ಹೋಗುತ್ತದೆ. ಮೈಲ್ಸ್ (ಏರ್‌ಲೈನ್ ಕೊಡುವ ಪಾಯಿಂಟ್ಸ್) ಕೊಟ್ಟು ಪಡೆದ ಟಿಕೆಟ್ಟಿಗೂ ಈ ಹಕ್ಕು ಇದೆ.

ಪತ್ರ ಹೇಗೆ ಬರೆಯಲಿ?

ಚಿಕ್ಕದಾಗಿ. ನಿಮ್ಮ ಕಷ್ಟದ ಕಥೆ ಬೇಡ, ಅದು ಕ್ಲೇಮಿನ ತೂಕ ಹೆಚ್ಚಿಸುವುದಿಲ್ಲ. ಏರ್‌ಲೈನ್‌ಗೆ ಅರ್ಥವಾಗುವ ಭಾಷೆಯಲ್ಲಿ ಇಷ್ಟು ಸಾಕು:

“ದಿನಾಂಕ ಇಂಥದ್ದು, ಫ್ಲೈಟ್ ನಂಬರ್ ಇಂಥದ್ದು, ಪಿಎನ್‌ಆರ್ ಇಂಥದ್ದು. ತಲುಪಬೇಕಾದ ಸಮಯ 14:10. ಬಾಗಿಲು ತೆರೆದ ಸಮಯ 18:25. ತಡ ನಾಲ್ಕು ಗಂಟೆ 15 ನಿಮಿಷ. 261/2004 ನಿಯಮದ 7ನೇ ವಿಧಿಯ ಪ್ರಕಾರ ಒಬ್ಬರಿಗೆ 600 ಯೂರೋದಂತೆ ಮೂವರು ಪ್ರಯಾಣಿಕರಿಗೆ 1800 ಯೂರೋ ಕೊಡಬೇಕು. ಕೊಡಲಾಗದು ಎಂದಾದರೆ ನಿಖರ ಕಾರಣವನ್ನು ದಾಖಲೆ ಸಮೇತ ತಿಳಿಸಿ. ವೋಚರ್ ಬೇಡ.”

ಏರ್‌ಲೈನ್ ಸೈಟಿನಲ್ಲಿ ಫಾರಂ ಇದ್ದರೆ ಅದರಲ್ಲೇ ಹಾಕಿ, ಕಳಿಸಿದ ಮೇಲೆ ಬರುವ ದೂರಿನ ಸಂಖ್ಯೆಯ ಫೋಟೋ ಇಟ್ಟುಕೊಳ್ಳಿ. ಫೋನಿನಲ್ಲಿ ಮಾತಾಡಿದ್ದಕ್ಕೆ ನಿಮ್ಮ ಕೈಯಲ್ಲಿ ದಾಖಲೆ ಉಳಿಯುವುದಿಲ್ಲ.

ಉತ್ತರವೇ ಬರುತ್ತಿಲ್ಲ, ಅಥವಾ ಕೊಡುವುದಿಲ್ಲ ಅಂದರು. ಮುಂದೆ?

ಯುರೋಪಿನಲ್ಲಿ ಎರಡು ತಿಂಗಳು ಕಾದು, ಘಟನೆ ನಡೆದ ದೇಶದ ಜಾರಿ ಸಂಸ್ಥೆಗೆ ದೂರು ಕೊಡಬಹುದು. ಬ್ರಿಟನ್‌ನಲ್ಲಿ ಎಂಟು ವಾರ ಆದ ಮೇಲೆ, ಏರ್‌ಲೈನ್ ಸೇರಿರುವ ವ್ಯಾಜ್ಯ ಪರಿಹಾರ ಸಂಸ್ಥೆಗೆ, ಸೇರಿಲ್ಲದಿದ್ದರೆ ನಾಗರಿಕ ವಿಮಾನಯಾನ ಪ್ರಾಧಿಕಾರಕ್ಕೆ.

ಭಾರತದಲ್ಲಿ ಮೊದಲು ಏರ್‌ಲೈನ್‌ನಲ್ಲಿ ದೂರು ನೋಡಿಕೊಳ್ಳುವ ನೋಡಲ್ ಅಧಿಕಾರಿ, ಆಮೇಲೆ ಮೇಲ್ಮನವಿ ಅಧಿಕಾರಿ, ಜೊತೆಗೆ ವಿಮಾನ ಪ್ರಯಾಣಿಕರ ದೂರಿಗೆ ಸರ್ಕಾರ ಮಾಡಿರುವ ಏರ್‌ಸೇವಾ ಪೋರ್ಟಲ್. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಹೇಳಬಹುದು. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಆನ್‌ಲೈನ್‌ನಲ್ಲೂ ಆಗುತ್ತದೆ, ವಕೀಲರು ಬೇಕೇ ಬೇಕು ಅಂತಿಲ್ಲ. ಡಿಜಿಸಿಎ ಹೇಳಿದ ಮೊತ್ತಕ್ಕೆ ಆಯೋಗ ಕಟ್ಟುಬಿದ್ದಿಲ್ಲ. ಸೇವೆಯಲ್ಲಿ ಲೋಪ ಇದೆ ಅಂತ ಕಂಡರೆ ತಡಕ್ಕೂ ಪರಿಹಾರ ಕೊಡಿಸಬಹುದು.

ಕ್ಲೇಮ್ ಮಾಡಿಕೊಡುವ ಏಜೆನ್ಸಿಗಳಿಗೆ ಕೊಡಲಾ?

ಮೊದಲು ನೀವೇ ಕೇಳಿ. ಏಜೆನ್ಸಿಗಳು ಬಂದ ಹಣದಲ್ಲಿ ಸುಮಾರು ಕಾಲು ಭಾಗದಿಂದ ಮೂರನೇ ಒಂದು ಭಾಗ ಹಿಡಿದುಕೊಳ್ಳುತ್ತವೆ, ಕೋರ್ಟಿಗೆ ಹೋದರೆ ಇನ್ನೂ ಜಾಸ್ತಿ. ನೇರವಾದ ಪ್ರಕರಣದಲ್ಲಿ ಅವರು ಕಳಿಸುವ ಮೊದಲ ಪತ್ರಕ್ಕೂ ಮೇಲಿನ ಪತ್ರಕ್ಕೂ ದೊಡ್ಡ ವ್ಯತ್ಯಾಸ ಇರುವುದಿಲ್ಲ. ಏರ್‌ಲೈನ್ ಎರಡು ಸಲ ಇಲ್ಲ ಅಂದು, ದೂರದ ದೇಶದ ಕೋರ್ಟಿಗೆ ಹೋಗಬೇಕಾಗಿ ಬಂದರೆ ಆಗ ಅವರು ಉಪಯೋಗಕ್ಕೆ ಬರುತ್ತಾರೆ.

ಹೋದ ವರ್ಷದ ಫ್ಲೈಟು. ಈಗ ಕೇಳಬಹುದಾ?

ಬಹುಶಃ ಕೇಳಬಹುದು. 261 ನಿಯಮದಲ್ಲಿ ಗಡುವು ಆಯಾ ದೇಶದ ಕಾನೂನಿನಂತೆ. ಇಂಗ್ಲೆಂಡಿನಲ್ಲಿ ಆರು ವರ್ಷ, ಫ್ರಾನ್ಸ್‌ನಲ್ಲಿ ಐದು, ಜರ್ಮನಿಯಲ್ಲಿ ಆ ವರ್ಷದ ಕೊನೆಯಿಂದ ಮೂರು. ಮಾಂಟ್ರಿಯಲ್ ಒಪ್ಪಂದದಲ್ಲಿ ಎರಡು ವರ್ಷದೊಳಗೆ ಕೋರ್ಟಿನಲ್ಲಿ ದಾವೆಯೇ ಹೂಡಿರಬೇಕು, ಏರ್‌ಲೈನ್‌ಗೆ ಪತ್ರ ಬರೆದಿದ್ದರೆ ಸಾಲದು. ಭಾರತದ ಗ್ರಾಹಕ ಆಯೋಗಕ್ಕೂ ಎರಡು ವರ್ಷ. ಹಳೆಯ ಇಮೇಲ್‌ನಲ್ಲಿ ಫ್ಲೈಟ್ ನಂಬರ್ ಹಾಕಿ ಹುಡುಕಿ. ಟಿಕೆಟ್, ಸಮಯ ಬದಲಾದ ಸಂದೇಶ, ಕ್ಷಮೆ ಕೇಳಿದ ಮೇಲ್ ಎಲ್ಲ ಅಲ್ಲೇ ಸಿಗುತ್ತವೆ, ಮತ್ತು ಆ ಕ್ಷಮೆಯ ಮೇಲ್‌ನಲ್ಲಿ ಎಷ್ಟೋ ಸಲ ತಡದ ಕಾರಣವನ್ನು ಅವರೇ ಬರೆದಿರುತ್ತಾರೆ.